ಹೆಡ್‌ಫೋನಿನ ನಾದ: ಕೇಳುಗರ ಅಭಿಪ್ರಾಯವೂ ಕಿವಿಯ ಆರೋಗ್ಯವೂ

ಪಂಚೇಂದ್ರಿಯಗಳಲ್ಲಿ ಕಿವಿಗೆ ಒಂದು ವಿಶೇಷವುಂಟು. ಕಣ್ಣನ್ನು ಮುಚ್ಚಿಕೊಳ್ಳಬಹುದು, ಬಾಯಿಯನ್ನು ಬಿಗಿಹಿಡಿಯಬಹುದು. ಕಿವಿಗೆ ಮಾತ್ರ ರೆಪ್ಪೆಯಿಲ್ಲ. ಮನುಷ್ಯ ನಿದ್ರಿಸುವಾಗಲೂ ಅದು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಹೀಗೆ ಹಗಲಿರುಳು ದುಡಿಯುವ ಇಂದ್ರಿಯವನ್ನು ಕುರಿತು ಜನರು ಚಿಂತಿಸತೊಡಗುವುದು ಸಾಮಾನ್ಯವಾಗಿ ಅದು ಸೋತ ಮೇಲೆಯೇ. ಸಂಗೀತಪ್ರಿಯರ ಮನೆಗಳಿಗೆ ಇಂದು ಬೆಲೆಬಾಳುವ ಹೆಡ್‌ಫೋನುಗಳು ಬಂದಿವೆ. ಅವುಗಳ ನಾದದ ಬಗೆಗೆ ಕೇಳುಗರು ಬಹಳ ಆಸಕ್ತಿಯಿಂದ ಚರ್ಚಿಸುತ್ತಾರೆ. ಆ ಚರ್ಚೆಯಲ್ಲಿ ಉಪಕರಣದ ಗುಣದೋಷಗಳ ಜೊತೆಗೆ ಕೇಳುವವರ ಕಿವಿಯ ಸ್ಥಿತಿಯೂ ಪ್ರಕಟವಾಗುತ್ತದೆ ಎಂಬ ಅಂಶವು ಅನೇಕರ ಗಮನಕ್ಕೆ ಬಂದಿಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದ ಕಡೆಯ ಹಿರಿಯರೊಬ್ಬರು ಸೂರತ್ತಿನ ನೇಯ್ಗೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕರಾಗಿದ್ದು, ನಿವೃತ್ತಿಯ ಬಳಿಕ ವಡೋದರಾದಲ್ಲಿ ನೆಲೆಸಿದ್ದಾರೆ. ಮಗನಿಗೆ ಅಹಮದಾಬಾದಿನಲ್ಲಿ ಉದ್ಯೋಗ. ತಂದೆಗೆ ಮಲ್ಲಿಕಾರ್ಜುನ ಮನಸೂರರ ಗಾಯನವೆಂದರೆ ಪ್ರಾಣ. ಮಗನು ತನ್ನ ಎರಡು ತಿಂಗಳ ಸಂಬಳವನ್ನು ಸುರಿದು ಒಂದು ಶ್ರೇಷ್ಠ ದರ್ಜೆಯ ಹೆಡ್‌ಫೋನನ್ನು ತಂದು ತಂದೆಯ ಕಿವಿಗಿಡುತ್ತಾನೆ. ಸ್ವಲ್ಪ ಹೊತ್ತು ಕೇಳಿದ ತಂದೆ, "ಏನೋಪ್ಪ, ಮಂಕು ಕವಿದ ಹಾಗಿದೆ. ತಂಬೂರಿಯೇ ಕೇಳಿಸುವುದಿಲ್ಲ. ಇದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ?" ಎನ್ನುತ್ತಾರೆ. ಮಗನಿಗೆ ಆಶ್ಚರ್ಯ. "ಇಲ್ಲಪ್ಪಾ, ತಂಬೂರಿ ಎದುರಿಗೇ ಮೀಟಿದಂತಿದೆ. ನನಗೆ ತಾರಸ್ವರ ತುಸು ಚುಚ್ಚುತ್ತದೆ ಎಂದೇ ಅನ್ನಿಸಿತು, ನೀವು ಮಂಕು ಎನ್ನುತ್ತೀರಲ್ಲ!" ಎನ್ನುತ್ತಾನೆ. ಉಪಕರಣ ಒಂದೇ, ಗಾಯನ ಒಂದೇ. ಅಭಿಪ್ರಾಯಗಳು ಮಾತ್ರ ಎರಡು. ಇಬ್ಬರಲ್ಲಿ ಯಾರದು ಸರಿ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಅದು ಅಂಗಡಿಯಿಂದ ಆರಂಭವಾಗಿ ವೈದ್ಯರ ಕೋಣೆಯವರೆಗೆ ಕರೆದೊಯ್ಯುತ್ತದೆ.

ಗುಜರಾತಿನ ನಾದಪರಂಪರೆ

ಗುಜರಾತೆಂದರೆ ವ್ಯಾಪಾರದ ನಾಡೆಂದು ತಿಳಿಯುವವರೇ ಹೆಚ್ಚು. ಆದರೆ ನಾದೋಪಾಸನೆಯಲ್ಲಿಯೂ ಈ ನಾಡು ಹಿಂದೆ ಬಿದ್ದಿಲ್ಲ. ಕನ್ನಡ ನಾಡಿನೊಡನೆ ಅದರ ಸಂಬಂಧವೂ ಹಳೆಯದು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ವಡೋದರಾದಲ್ಲಿ ಗಾಯನಶಾಲೆಯೊಂದು ಸ್ಥಾಪಿತವಾಯಿತು. ಅದರ ಮುಖ್ಯಸ್ಥರಾಗಿದ್ದ ಮೌಲಾಬಕ್ಷರು ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನು ಅಭ್ಯಸಿಸಿ ಮೈಸೂರಿನ ಅರಮನೆಯಲ್ಲಿ ಗೌರವವನ್ನು ಪಡೆದವರು. ಆ ಗಾಯನಶಾಲೆಯೇ ಬೆಳೆದು ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಪ್ರದರ್ಶನ ಕಲೆಗಳ ವಿಭಾಗವಾಗಿದೆ. ವಡೋದರಾದ ಆಸ್ಥಾನ ವಿದ್ವಾಂಸರಾಗಿದ್ದ ಉಸ್ತಾದ್ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ', ಅಂದರೆ ಸಂಗೀತಸೂರ್ಯ, ಎಂಬ ಬಿರುದನ್ನಿತ್ತವರು ಮೈಸೂರಿನ ಮಹಾರಾಜರೇ.

ಅಹಮದಾಬಾದಿನಲ್ಲಿ ತಬಲಾ ವಾದಕ ನಂದನ್ ಮೆಹತಾ ಮತ್ತು ಸಿತಾರ್ ವಾದಕಿ ಮಂಜು ಮೆಹತಾ ದಂಪತಿಗಳು 1980ರಲ್ಲಿ 'ಸಪ್ತಕ'ವನ್ನು ಸ್ಥಾಪಿಸಿದರು. ಪ್ರತಿವರ್ಷ ಜನವರಿಯ ಮೊದಲ ದಿನಗಳಲ್ಲಿ ನಡೆಯುವ ಅದರ ಸಂಗೀತೋತ್ಸವವು ದೇಶದಲ್ಲೆಲ್ಲ ಹೆಸರುವಾಸಿಯಾಗಿದೆ. ಇದೇ ನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಷ್ಟು ಹಿಂದೆಯೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರ್ ಎಂಬ ವಿದ್ಯುತ್ ನಾದಯಂತ್ರವು ಸ್ಥಾಪಿತವಾಗಿತ್ತು. ಅಲ್ಲಿ ಮುದ್ರಿಸಿದ ಧ್ವನಿಸುರುಳಿಗಳು ದಶಕಗಳ ಕಾಲ ಮರೆಯಲ್ಲಿದ್ದು, 2023ರಲ್ಲಿ ಲೋಕದ ಕೇಳುಗರನ್ನು ತಲಪಿದವು. ಇಂತಹ ನೆಲದಲ್ಲಿ ನಾದದ ಸೂಕ್ಷ್ಮಗಳನ್ನು ಕುರಿತು ವಾದ ನಡೆಯುವುದು ಸಹಜವೇ ಸರಿ.

ಹೆಡ್‌ಫೋನು ಬೆಳೆದು ಬಂದ ಬಗೆ

ಹೆಡ್‌ಫೋನು ಆರಂಭದಲ್ಲಿ ಸಂಗೀತದ ಸಾಧನವಾಗಿರಲಿಲ್ಲ. ದೂರವಾಣಿ ಹಾಗೂ ನಿಸ್ತಂತು ಕೇಂದ್ರಗಳ ನೌಕರರು ಅದನ್ನು ಬಳಸುತ್ತಿದ್ದರು. 1910ರಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆ ಕೊಂಡುಕೊಂಡಿತು. 1937ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಡಿಟಿ 48 ಬಂದಿತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೋ ಸಂಗೀತವನ್ನು ಕೇಳಲೆಂದೇ ಹೆಡ್‌ಫೋನನ್ನು ರೂಪಿಸಿದನು. 1968ರಲ್ಲಿ ಸೆನ್‌ಹೈಸರ್ ಸಂಸ್ಥೆಯ ತೆರೆದ ಮಾದರಿಯ ಎಚ್‌ಡಿ 414 ಬಂದಿತು. 1979ರಲ್ಲಿ ಸೋನಿಯ ವಾಕ್‌ಮನ್ ಹೆಡ್‌ಫೋನನ್ನು ಬೀದಿಗೂ ರೈಲಿಗೂ ತಂದಿತು.

ಇವುಗಳ ಒಳರಚನೆ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದರಲ್ಲಿ ತೆಳುವಾದ ಪೊರೆಗೆ ಅಂಟಿಸಿದ ತಂತಿಯ ಸುರುಳಿಯು ಅಯಸ್ಕಾಂತದ ನಡುವೆ ಕಂಪಿಸುತ್ತದೆ. ಎರಡನೆಯದರಲ್ಲಿ ಪೊರೆಯ ಮೇಲೆಯೇ ವಿದ್ಯುದ್ವಾಹಕ ಪಟ್ಟಿಗಳನ್ನು ಹರಡಿ ಅದನ್ನು ಅಯಸ್ಕಾಂತಗಳ ಸಾಲಿನ ಮುಂದೆ ಕಂಪಿಸುವಂತೆ ಮಾಡುತ್ತಾರೆ. ಮೂರನೆಯದು ಸ್ಥಿರವಿದ್ಯುತ್ತಿನ ಬಗೆ. ಇದರಲ್ಲಿ ಕೂದಲಿಗಿಂತಲೂ ತೆಳುವಾದ ಪೊರೆಯು ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ತೂಗಿಕೊಂಡಿರುತ್ತದೆ. ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಿಂದ ಈ ಬಗೆಯವನ್ನು ತಯಾರಿಸುತ್ತಿದೆ. ಹೊರಕವಚ ಮುಚ್ಚಿದ್ದರೆ ಹೊರಗಿನ ಗದ್ದಲ ಒಳಗೆ ಬಾರದು. ತೆರೆದಿದ್ದರೆ ನಾದವು ಗಾಳಿಯಲ್ಲಿ ಹರಡಿದಂತೆ ಕೇಳಿಸುವುದು, ಆದರೆ ಪಕ್ಕದವರಿಗೂ ಕೇಳಿಸುವುದು. ಬೆಲೆಯಾದರೋ ಕೆಲವು ನೂರು ರೂಪಾಯಿಗಳಿಂದ ಹಲವು ಲಕ್ಷಗಳವರೆಗೆ ಏರಿದೆ.

ಕೇಳುಗರ ಮಾತಿನ ಅರ್ಥ

ಶ್ರೇಷ್ಠ ದರ್ಜೆಯ ಹೆಡ್‌ಫೋನುಗಳನ್ನು ಬಳಸುವವರು ಕೆಲವು ಮಾತುಗಳನ್ನು ಮತ್ತೆ ಮತ್ತೆ ಆಡುತ್ತಾರೆ. ಒಂದು 'ಬೆಚ್ಚಗಿದೆ', ಇನ್ನೊಂದು 'ಉಜ್ಜ್ವಲವಾಗಿದೆ', ಮತ್ತೊಂದಕ್ಕೆ 'ಪರದೆ ಎಳೆದಂತಿದೆ', ಮಗದೊಂದರಲ್ಲಿ 'ಸಭಾಂಗಣದ ವಿಸ್ತಾರವಿದೆ'. ಇವು ಕವಿಸಮಯಗಳಂತೆ ತೋರಿದರೂ ಇವುಗಳ ಹಿಂದೆ ಅಳೆಯಬಹುದಾದ ಸಂಗತಿಗಳಿವೆ. ಸೆಕೆಂಡಿಗೆ ಇಪ್ಪತ್ತರಿಂದ ಇನ್ನೂರೈವತ್ತು ಕಂಪನಗಳ, ಎಂದರೆ ಹರ್ಟ್ಸುಗಳ, ಮಂದ್ರಭಾಗ ಹೆಚ್ಚಾಗಿದ್ದರೆ ನಾದವು ಬೆಚ್ಚಗೆ ಕೇಳುತ್ತದೆ. ನಾಲ್ಕು ಸಾವಿರದಿಂದ ಹತ್ತು ಸಾವಿರ ಹರ್ಟ್ಸುಗಳ ಭಾಗ ಹೆಚ್ಚಿದರೆ ಉಜ್ಜ್ವಲವಾಗುತ್ತದೆ, ಮಿತಿಮೀರಿದರೆ ಚುಚ್ಚುತ್ತದೆ. ಅದೇ ಭಾಗ ತಗ್ಗಿದರೆ ಪರದೆ ಎಳೆದಂತಾಗುತ್ತದೆ.

ತಂಬೂರಿಯ ನಾದ ಇದಕ್ಕೆ ಒಳ್ಳೆಯ ನಿದರ್ಶನ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನೆಳೆಯಿಂದ ತಂತಿಯು ಕುದುರೆಯನ್ನು ಸವರುತ್ತ ಕಂಪಿಸಿ, ಮೂಲಸ್ವರದ ಜೊತೆಗೆ ಅಸಂಖ್ಯ ಉಪಸ್ವರಗಳನ್ನು ಹೊಮ್ಮಿಸುತ್ತದೆ. ತಂಬೂರಿಗೆ ಜೀವ ತುಂಬುವುದು ಈ ಉಪಸ್ವರಗಳೇ. ಮೃದಂಗ ಮತ್ತು ತಬಲಾಗಳ ನಡುವಿನ ಕಪ್ಪು ಕರಣೆಯಿಂದ ಅವುಗಳ ಉಪಸ್ವರಗಳು ಶ್ರುತಿಬದ್ಧವಾಗುವುದನ್ನು ಸಿ. ವಿ. ರಾಮನ್ನರು 1920ರಲ್ಲಿಯೇ ವಿವರಿಸಿದ್ದರು. ಒಳ್ಳೆಯ ಹೆಡ್‌ಫೋನೆಂದರೆ ಮೂಲಸ್ವರ ಮತ್ತು ಉಪಸ್ವರಗಳ ಪ್ರಮಾಣವನ್ನು ಕೆಡಿಸದೆ ಕಿವಿಗೆ ಒಪ್ಪಿಸುವಂತಹುದು.

ಕೇಳುಗರ ಅಭಿಪ್ರಾಯವು ಅಳತೆಯಿಂದ ದೃಢಪಟ್ಟ ಉದಾಹರಣೆಗಳೂ ಉಂಟು. 2009ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 800ನ್ನು ಅನೇಕರು ಸಭಾಂಗಣದಲ್ಲಿ ಕುಳಿತು ಕೇಳಿದಂತಿದೆ ಎಂದು ಹೊಗಳಿದರು; ಅದೇ ಹೊತ್ತಿಗೆ ಕೆಲವರು ಅದರ ಮೇಲಿನ ಸ್ವರಗಳು ಚುಚ್ಚುತ್ತವೆ ಎಂದು ದೂರಿದರು. ಅಳೆದು ನೋಡಿದಾಗ ಸುಮಾರು ಆರು ಸಾವಿರ ಹರ್ಟ್ಸಿನ ಬಳಿ ಒಂದು ಏರು ಕಂಡುಬಂದಿತು. ಮುಂದೆ ಬಂದ ಎಚ್‌ಡಿ 800 ಎಸ್ ಮಾದರಿಯಲ್ಲಿ ಆ ಏರನ್ನು ಹೀರಿಕೊಳ್ಳುವ ಏರ್ಪಾಟನ್ನು ಸೇರಿಸಿದರು. ಹೊಗಳಿದವರೂ ದೂರಿದವರೂ ಕೇಳಿದ್ದನ್ನೇ ಹೇಳಿದ್ದರು.

ಒಂದೇ ಉಪಕರಣ, ಹಲವು ಅಭಿಪ್ರಾಯ

ಹಾಗಿದ್ದರೆ ಅಭಿಪ್ರಾಯಗಳು ಏಕೆ ಭಿನ್ನವಾಗುತ್ತವೆ? ಇದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು ಹೊರಗಿವಿಯ ಆಕಾರ. ಬೆರಳಚ್ಚಿನಂತೆ ಹೊರಗಿವಿಯ ಮಡಿಕೆಗಳೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದಾಗಿದ್ದು, ಕೊಳಲಿನಂತೆ ಮೂರು ಸಾವಿರ ಹರ್ಟ್ಸಿನ ಆಸುಪಾಸಿನ ಸ್ವರಗಳನ್ನು ತಾನೇ ಹೆಚ್ಚಿಸುತ್ತದೆ. ಈ ಉದ್ದದಲ್ಲಿ ಅಲ್ಪ ಭೇದವಾದರೂ ನಾದದಲ್ಲಿ ಭೇದ ಕಾಣುತ್ತದೆ.

ಎರಡನೆಯದು ಹೆಡ್‌ಫೋನು ಕಿವಿಯ ಮೇಲೆ ಕೂರುವ ರೀತಿ. ಕನ್ನಡಕದ ಕಡ್ಡಿಯಿಂದಾಗಿ ಮೆತ್ತೆಯ ಅಂಚಿನಲ್ಲಿ ಸಂದಿಯುಂಟಾದರೆ ಮಂದ್ರನಾದವು ಅಲ್ಲಿಂದ ಸೋರಿಹೋಗುತ್ತದೆ. ಕನ್ನಡಕ ಧರಿಸಿದವರು 'ಇದರಲ್ಲಿ ತೂಕವಿಲ್ಲ' ಎನ್ನುವುದಕ್ಕೆ ಹಲವು ವೇಳೆ ಇದೇ ಕಾರಣ.

ಮೂರನೆಯದು ಧ್ವನಿಯ ಪ್ರಮಾಣ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ತೋರಿಸಿದಂತೆ, ಸಣ್ಣ ಧ್ವನಿಯಲ್ಲಿ ಕಿವಿಯು ಮಂದ್ರಸ್ವರಗಳನ್ನು ಸರಿಯಾಗಿ ಗ್ರಹಿಸಲಾರದು. ಧ್ವನಿ ಹೆಚ್ಚಿದಂತೆ ನಾದ ತುಂಬಿಬಂದಂತೆ ತೋರುತ್ತದೆ. ಆದುದರಿಂದ ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಯಾವುದು ಒಂದು ಡೆಸಿಬೆಲಿನಷ್ಟು ಜೋರಾಗಿದೆಯೋ ಅದೇ ಉತ್ತಮವೆಂದು ಕೇಳುಗನು ಭ್ರಮಿಸುತ್ತಾನೆ.

ನಾಲ್ಕನೆಯದು ಕಣ್ಣು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಧ್ವನಿವರ್ಧಕಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆಯೂ ಇನ್ನೊಮ್ಮೆ ಪರದೆಯ ಹಿಂದಿಟ್ಟೂ ಕೇಳಿಸಿದರು. ಕಾಣುವಾಗ ದೊಡ್ಡವೂ ಬೆಲೆಬಾಳುವವೂ ಆದವುಗಳಿಗೆ ಹೆಚ್ಚು ಅಂಕಗಳು ಬಂದವು. ಪರದೆ ಬಿದ್ದೊಡನೆ ಅಂಕಗಳು ಬದಲಾದವು. ಕೇಳುವಾಗ ಮನಸ್ಸು ಕಣ್ಣಿನ ಸಾಕ್ಷ್ಯವನ್ನೂ ಸೇರಿಸಿಕೊಂಡೇ ತೀರ್ಪು ನೀಡುತ್ತದೆ. ಇದರಲ್ಲಿ ವಂಚನೆಯೇನೂ ಇಲ್ಲ; ಮನುಷ್ಯ ಸ್ವಭಾವವೇ ಹಾಗೆ.

ಐದನೆಯದು ರೂಢಿ. ಹೊಸ ಹೆಡ್‌ಫೋನು ನೂರು ಗಂಟೆ ನುಡಿದ ಮೇಲೆ ಪಳಗುತ್ತದೆ ಎಂದು ಹಲವರು ನಂಬುತ್ತಾರೆ. ಅಳತೆಯಲ್ಲಿ ಕಂಡುಬರುವ ವ್ಯತ್ಯಾಸ ಅತ್ಯಲ್ಪ. ಬಹುಮಟ್ಟಿಗೆ ಪಳಗುವುದು ಕೇಳುಗನ ಮನಸ್ಸೇ.

ಇವೆಲ್ಲವನ್ನೂ ಕಳೆದು ನೋಡಿದಾಗ ಉಳಿಯುವ ಅಭಿರುಚಿಯ ಭೇದವು ಜನರು ಭಾವಿಸುವಷ್ಟು ದೊಡ್ಡದಲ್ಲ. ಶಾನ್ ಆಲಿವ್ ಮತ್ತು ಸಂಗಡಿಗರು ಮುಂದೆ ಹೆಡ್‌ಫೋನುಗಳನ್ನೇ ಕುರಿತು, ಹೆಸರು ಮತ್ತು ರೂಪ ತಿಳಿಯದಂತೆ, ನಡೆಸಿದ ಪರೀಕ್ಷೆಗಳಲ್ಲಿ ಕೇಳುಗರ ಪೈಕಿ ಹೆಚ್ಚಿನವರು ಒಂದೇ ಬಗೆಯ ನಾದವನ್ನು ಮೆಚ್ಚಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕಗಳನ್ನು ಕೇಳಿದಂತಹ ನಾದ ಅದು. ಮಂದ್ರ ಹೆಚ್ಚಿರಬೇಕೆಂದವರೂ ಕಡಿಮೆಯಿರಬೇಕೆಂದವರೂ ಚಿಕ್ಕ ಗುಂಪುಗಳಾಗಿದ್ದರು.

ಬೆಲೆಯೂ ಗುಣವೂ

ಬೆಲೆ ಹೆಚ್ಚಿದಂತೆ ನಾದದ ಗುಣವೂ ಹೆಚ್ಚುವುದೇ ಎಂಬುದು ಗೃಹಸ್ಥರ ಸಹಜ ಪ್ರಶ್ನೆ. 2017ರಲ್ಲಿ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಡನೆ ಹೋಲಿಸಿ, ಸ್ವರಪ್ರಮಾಣಕ್ಕೂ ಬೆಲೆಗೂ ಸಂಬಂಧವಿಲ್ಲವೆಂದು ಪ್ರಕಟಿಸಿದರು. ಬೆಲೆಯು ಗಟ್ಟಿತನಕ್ಕೆ, ಮೆತ್ತೆಯ ಹಿತಕ್ಕೆ, ಕುಶಲ ಕೆಲಸಕ್ಕೆ, ಹೆಸರಿಗೆ ಸಲ್ಲುತ್ತದೆ. ನಾದಕ್ಕೆ ಸಲ್ಲುವುದೆಂಬ ಭರವಸೆಯಿಲ್ಲ. ಮೂಲಮುದ್ರಣದ ಮಿತಿಯನ್ನು ಯಾವ ಹೆಡ್‌ಫೋನೂ ದಾಟಲಾರದು. ಫೈಯಾಜ್ ಖಾನರ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಮೇಲಿನ ಸ್ವರಗಳು ಮುದ್ರಣವಾಗಿರುವುದೇ ಅಲ್ಪ. ಅತ್ಯಂತ ಸೂಕ್ಷ್ಮವಾದ ಹೆಡ್‌ಫೋನಿನಲ್ಲಿ ಅವುಗಳನ್ನು ಕೇಳಿದರೆ ಗಾಯನಕ್ಕಿಂತ ಮುಳ್ಳಿನ ಕರಕರ ಸದ್ದೇ ಸ್ಪಷ್ಟವಾದೀತು.

ಮನೆಯಲ್ಲಿ ಪರೀಕ್ಷಿಸಲು ಇಚ್ಛಿಸುವವರು ಮೂರು ನಿಯಮಗಳನ್ನು ಪಾಲಿಸಿದರೆ ಸಾಕು. ಚೆನ್ನಾಗಿ ಪರಿಚಯವಿರುವ ಒಂದೇ ಮುದ್ರಣವನ್ನು ಎರಡರಲ್ಲಿಯೂ ಕೇಳಬೇಕು. ಎರಡರ ಧ್ವನಿಪ್ರಮಾಣವನ್ನು ಸಮವಾಗಿರಿಸಬೇಕು. ಬೇಗಬೇಗ ಬದಲಿಸಿ ಕೇಳಬೇಕು. ನಾದದ ಸೂಕ್ಷ್ಮವಾದ ನೆನಪು ಮನಸ್ಸಿನಲ್ಲಿ ಕೆಲವೇ ಕ್ಷಣ ಉಳಿಯುವುದರಿಂದ, ನಿನ್ನೆ ಕೇಳಿದ್ದನ್ನು ಇಂದಿನದರೊಡನೆ ಹೋಲಿಸುವುದು ವ್ಯರ್ಥ.

ಕಿವಿಯೊಳಗಿನ ವ್ಯಾಪಾರ

ಈಗ ತಂದೆ ಮಕ್ಕಳ ವಾದಕ್ಕೆ ಮರಳಬಹುದು. ಮೇಲೆ ಹೇಳಿದ ಕಾರಣಗಳಲ್ಲಿ ಯಾವುದೂ ತಂಬೂರಿಯು ಪೂರ್ತಿ ಕೇಳಿಸದೆ ಹೋಗುವುದನ್ನು ವಿವರಿಸಲಾರದು. ಅದಕ್ಕೆ ಕಿವಿಯೊಳಕ್ಕೆ ಹೋಗಬೇಕು.

ಹೊರಗಿವಿಯಿಂದ ನಾಳದ ಮೂಲಕ ಬಂದ ಶಬ್ದತರಂಗಗಳು ಕಿವಿದಮ್ಮಟೆಯನ್ನು ಕಂಪಿಸುತ್ತವೆ. ನಡುಗಿವಿಯಲ್ಲಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ, ದ್ರವದಿಂದ ತುಂಬಿದ ಕಾಕ್ಲಿಯಾ ಎಂಬ ಅಂಗವಿದೆ. ಅದರ ಉದ್ದಕ್ಕೂ ಸುಮಾರು ಹದಿನೈದು ಸಾವಿರ ರೋಮಕೋಶಗಳು ಸಾಲುಗಟ್ಟಿವೆ. ತಾರಸ್ವರಗಳನ್ನು ಬಾಗಿಲ ಬಳಿಯ ಕೋಶಗಳೂ ಮಂದ್ರಸ್ವರಗಳನ್ನು ಸುರುಳಿಯ ತುದಿಯ ಕೋಶಗಳೂ ಗ್ರಹಿಸುತ್ತವೆ. ಕಾಕ್ಲಿಯಾದಲ್ಲಿ ತರಂಗವು ಸಾಗುವ ಈ ಕ್ರಮವನ್ನು ಕಂಡುಹಿಡಿದ ಜಾರ್ಜ್ ಫಾನ್ ಬೇಕೆಶಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮಿತಿಮೀರಿದ ಶಬ್ದದಿಂದ ಈ ರೋಮಕೋಶಗಳು ಬಾಗಿ, ಬಳಲಿ, ಕೊನೆಗೆ ಸಾಯುತ್ತವೆ. ಹಕ್ಕಿಗಳಲ್ಲಿ ಅವು ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ಶಬ್ದದಿಂದಾಗುವ ಹಾನಿಯು ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ನಾಲ್ಕು ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ಇದಲ್ಲದೆ ವಯಸ್ಸಾದಂತೆ ಮೇಲಿನ ಸ್ವರಗಳು ತಾವಾಗಿಯೇ ಮರೆಯಾಗುತ್ತವೆ. ಎಳೆಯ ಕಿವಿಗೆ ಇಪ್ಪತ್ತು ಸಾವಿರ ಹರ್ಟ್ಸಿನವರೆಗೆ ಕೇಳಿಸಿದರೆ, ಐವತ್ತು ದಾಟಿದ ಅನೇಕರಿಗೆ ಹನ್ನೆರಡು ಸಾವಿರಕ್ಕಿಂತ ಮೇಲಿನದು ಕೇಳಿಸದು. ತಂಬೂರಿಯ ಉಪಸ್ವರಗಳಿರುವುದೂ, ಕನ್ನಡದ ಸ, ಶ, ಷ ಅಕ್ಷರಗಳ ಸೀತ್ಕಾರವಿರುವುದೂ ಈ ಮೇಲಿನ ಭಾಗದಲ್ಲಿಯೇ. ಇಂಥವರು ಸಾಮಾನ್ಯವಾಗಿ ಹೇಳುವ ಮಾತೆಂದರೆ, "ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎಂಬುದು. ಮೊಮ್ಮಕ್ಕಳ ಎಳೆಯ ದನಿ ಮೊದಲು ಕೈತಪ್ಪುತ್ತದೆ.

ಸೂರತ್ತಿನ ಮಗ್ಗಗಳ ಷೆಡ್ಡುಗಳಲ್ಲಿ ಶಬ್ದವು ತೊಂಬತ್ತು ಡೆಸಿಬೆಲನ್ನು ಮೀರುವುದು ಸಾಮಾನ್ಯ. ಎದುರಿಗಿದ್ದವರೊಡನೆಯೂ ಕೂಗಿ ಮಾತನಾಡಬೇಕಾದ ಸ್ಥಿತಿ. ಮೂವತ್ತು ವರ್ಷ ಅಲ್ಲಿ ದುಡಿದ ಕಿವಿಗೆ ತಂಬೂರಿ ಕೇಳಿಸದಿದ್ದರೆ ಅದಕ್ಕೆ ಹೆಡ್‌ಫೋನನ್ನು ದೂಷಿಸಲಾಗದು. ತಂದೆ ಹೇಳಿದ್ದು ಸುಳ್ಳಲ್ಲ. ತನಗೆ ಕೇಳಿಸಿದ್ದನ್ನೇ ಅವರು ಹೇಳಿದರು. ಆದರೆ ಅವರು ವರ್ಣಿಸಿದ್ದು ಹೆಡ್‌ಫೋನನ್ನಲ್ಲ, ತಮ್ಮ ಕಿವಿಯನ್ನು. ಕಾರ್ಖಾನೆಯ ಶಬ್ದದಿಂದಾಗುವ ಕಿವುಡುತನವು 1948ರ ಕಾರ್ಖಾನೆ ಕಾಯಿದೆಯಡಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿತ್ತು. ಇಂತಹ ವೃತ್ತಿಸಂಬಂಧಿ ರೋಗಗಳ ಸಂಶೋಧನೆಗೆಂದೇ ಅಹಮದಾಬಾದಿನಲ್ಲಿ 1966ರಲ್ಲಿ ಆರಂಭವಾದ ಕೇಂದ್ರವು ಇಂದು ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯೆಂದು ಪ್ರಸಿದ್ಧವಾಗಿದೆ.

ಒಳ್ಳೆಯ ಹೆಡ್‌ಫೋನಿನ ಗುಪ್ತ ಅಪಾಯ

ತಂದೆಯ ಕಥೆ ಇಷ್ಟಾದರೆ ಮಗನೂ ನಿಶ್ಚಿಂತನಾಗಿರುವಂತಿಲ್ಲ. ಅಗ್ಗದ ಉಪಕರಣವು ಧ್ವನಿ ಹೆಚ್ಚಿಸಿದಾಗ ಒಡೆದ ದನಿಯಿಂದ ಕರ್ಕಶವಾಗಿ ಎಚ್ಚರಿಸುತ್ತದೆ. ಕೇಳುಗನು ತಾನಾಗಿಯೇ ಧ್ವನಿಯನ್ನು ತಗ್ಗಿಸುತ್ತಾನೆ. ಶ್ರೇಷ್ಠ ದರ್ಜೆಯದು ಎಷ್ಟು ಹೆಚ್ಚಿಸಿದರೂ ನಿರ್ಮಲವಾಗಿಯೇ ನುಡಿಯುವುದರಿಂದ ಆ ಎಚ್ಚರಿಕೆ ದೊರೆಯುವುದಿಲ್ಲ. ಹಿತವಾಗಿದೆಯೆಂಬ ಕಾರಣದಿಂದ ಹೊತ್ತು ಹೋದದ್ದೂ ತಿಳಿಯದು.

ಅಪಾಯವನ್ನು ನಿರ್ಧರಿಸುವುದು ಧ್ವನಿಯ ತೀವ್ರತೆ ಮತ್ತು ಕೇಳಿದ ಅವಧಿ ಇವೆರಡೂ ಸೇರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲಿನ ಧ್ವನಿಯನ್ನು ವಾರಕ್ಕೆ 40 ಗಂಟೆಗಳ ಕಾಲ ಕೇಳಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ನೂರು ಡೆಸಿಬೆಲಿಗೆ ಏರಿದರೆ ವಾರಕ್ಕೆ ಇಪ್ಪತ್ತೇ ನಿಮಿಷ! ಮಕ್ಕಳಿಗೆ ಈ ಮಿತಿ 75 ಡೆಸಿಬೆಲಿನಿಂದಲೇ ಆರಂಭ. ಹನ್ನೆರಡರಿಂದ ಮೂವತ್ತೈದು ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಯುವಜನರು ಶ್ರವಣಹಾನಿಯ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ಎಚ್ಚರಿಸಿದೆ.

ಕಿವಿಯು ಶಬ್ದದ ಮೂಲವನ್ನು ವಿಚಾರಿಸದೆ ಒಟ್ಟು ಮೊತ್ತವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಗಲಿನ ಯಂತ್ರಶಬ್ದ, ಸಂಜೆಯ ವಾಹನಗಳ ಹಾರನ್ನು, ನವರಾತ್ರಿಯ ಗರ್ಬಾದಲ್ಲಿ ಧ್ವನಿವರ್ಧಕದ ಬಳಿ ಕಳೆದ ರಾತ್ರಿಗಳು, ಸಂಕ್ರಾಂತಿಯ ಉತ್ತರಾಯಣದಂದು ತಾರಸಿಗಳಿಂದ ಮೊಳಗುವ ಹಾಡುಗಳು, ಮಲಗುವ ಮುನ್ನ ಕೇಳಿದ ರಾಗ — ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತವೆ. ಸೂರತ್ತಿನಿಂದ ವಡೋದರಾ, ಅಹಮದಾಬಾದುಗಳ ನಡುವೆ ರೈಲಿನಲ್ಲಿ ಓಡಾಡುವವರು ಗಾಲಿಗಳ ಸದ್ದನ್ನು ಮೀರಿಸಲೆಂದು ಧ್ವನಿಯನ್ನು ಹೆಚ್ಚಿಸುತ್ತಾರೆ; ಇಳಿದ ಮೇಲೂ ಅದನ್ನು ತಗ್ಗಿಸಲು ಮರೆಯುತ್ತಾರೆ. ಅಂಥವರಿಗೆ ಗದ್ದಲನಿವಾರಕ ಹೆಡ್‌ಫೋನು ಉಪಯುಕ್ತ. ಹೊರಗಿನ ಸದ್ದಿಗೆ ವಿರುದ್ಧವಾದ ತರಂಗವನ್ನು ಹೊಮ್ಮಿಸಿ ಅದನ್ನು ಅಳಿಸುವ ಉಪಾಯವದು. ಭಾರತೀಯ ಮೂಲದ ಅಮರ್ ಬೋಸ್ ಅವರು 1978ರಲ್ಲಿ ವಿಮಾನಯಾನದ ಸಂದರ್ಭದಲ್ಲಿ ಇದರ ಲೆಕ್ಕಾಚಾರವನ್ನು ಆರಂಭಿಸಿದ್ದು ಪ್ರಸಿದ್ಧವಾದ ಸಂಗತಿ. ಗದ್ದಲ ಅಡಗಿದರೆ ಸಣ್ಣ ಧ್ವನಿಯೇ ಸಾಕಾಗುತ್ತದೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಇದನ್ನು ಧರಿಸಲೇಬಾರದು.

ಅಭಿಪ್ರಾಯ ಬದಲಾದಾಗ ಎಚ್ಚರ

ಕೇಳುಗನ ಅಭಿಪ್ರಾಯವು ಹಠಾತ್ತನೆ ಬದಲಾದರೆ ಅದನ್ನು ರೋಗಲಕ್ಷಣದಂತೆ ಪರಿಗಣಿಸಬೇಕು. ಹಿಂದೆ ಹಿತವೆನಿಸಿದ ಹೆಡ್‌ಫೋನು ಈಗ ಮಂಕಾಗಿದೆ ಎನಿಸುವುದು, ಧ್ವನಿಯನ್ನು ತಿಂಗಳಿಂದ ತಿಂಗಳಿಗೆ ಏರಿಸಬೇಕಾಗಿ ಬರುವುದು, ಗಾಯಕನ ದನಿ ಒಂದು ಪಕ್ಕಕ್ಕೆ ಸರಿದಂತೆ ತೋರುವುದು, ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು, ಗುಂಪಿನಲ್ಲಿ ಮಾತು ತಿಳಿಯದೆ ಹೋಗುವುದು — ಇವೆಲ್ಲ ಅಂತಹ ಸೂಚನೆಗಳು. ಇನ್ನೊಂದು ಹೆಡ್‌ಫೋನನ್ನು ಕೊಳ್ಳುವುದಕ್ಕೆ ಮೊದಲು ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣುವುದು ಲೇಸು. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿದ್ದು, ಅದನ್ನು ತೆಗೆಸಿದೊಡನೆ ನಾದ ಮರಳುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಮಾತ್ರ ಒಂದು ದಿನವನ್ನೂ ಕಳೆಯದೆ ವೈದ್ಯರ ಬಳಿಗೆ ಧಾವಿಸಬೇಕು. ಬೇಗ ಆರಂಭಿಸಿದ ಚಿಕಿತ್ಸೆಯಿಂದ ಶ್ರವಣ ಮರಳುವ ಸಂಭವ ಹೆಚ್ಚು.

ಶ್ರವಣಪರೀಕ್ಷೆಯು ನೋವಿಲ್ಲದ, ಅರ್ಧ ಗಂಟೆಯ ಕೆಲಸ. ನಿಶ್ಶಬ್ದವಾದ ಕೋಣೆಯಲ್ಲಿ ಹೆಡ್‌ಫೋನು ತೊಡಿಸಿ, ಒಂದೊಂದು ಸ್ವರವೂ ಎಷ್ಟು ಸಣ್ಣದಾಗಿ ಕೇಳಿಸುವುದೆಂದು ಗುರುತಿಸಿ ಆಡಿಯೋಗ್ರಾಮ್ ಎಂಬ ನಕ್ಷೆಯನ್ನು ಬರೆಯುತ್ತಾರೆ. ಈ ಕ್ಷೇತ್ರದಲ್ಲಿ ದೇಶಕ್ಕೇ ತಜ್ಞರನ್ನು ಒದಗಿಸಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾದದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಪಾಲಿಸಬೇಕಾದ ನಿಯಮಗಳು

1. ಧ್ವನಿಯನ್ನು ಉಪಕರಣದ ಗರಿಷ್ಠ ಮಿತಿಯ ನೂರಕ್ಕೆ ಅರವತ್ತರ ಒಳಗೆ ಇರಿಸಬೇಕು. ಒಂದು ತೋಳಿನಳತೆಯಲ್ಲಿರುವವರ ಮಾತು ಕೇಳಿಸದಷ್ಟು ಜೋರಾಗಿರಬಾರದು.

2. ಗಂಟೆಗೊಮ್ಮೆ ಹತ್ತು ನಿಮಿಷವಾದರೂ ಕಿವಿಗೆ ಬಿಡುವು ಕೊಡಬೇಕು.

3. ಧ್ವನಿಪ್ರಮಾಣವನ್ನು ನಿಶ್ಶಬ್ದವಾದ ಕೋಣೆಯಲ್ಲಿ ನಿಗದಿಪಡಿಸಿಕೊಂಡು, ಹೊರಗೆ ಹೋದಾಗ ಅದನ್ನು ಏರಿಸಬಾರದು.

4. ಮಗ್ಗ, ಯಂತ್ರಗಳ ನಡುವೆ ದುಡಿಯುವವರು ಕಿವಿರಕ್ಷಕಗಳನ್ನು ಧರಿಸಬೇಕು; ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸಿಕೊಳ್ಳಬೇಕು.

5. ಕಿವಿಯೊಳಗಿಡುವ ಪುಟ್ಟ ಫೋನುಗಳನ್ನು ಒರೆಸಿ ಶುಚಿಯಾಗಿಡಬೇಕು, ಇನ್ನೊಬ್ಬರೊಡನೆ ಹಂಚಿಕೊಳ್ಳಬಾರದು. ಕಿವಿಗೆ ಕಡ್ಡಿ, ಪಿನ್ನು ಹಾಕುವುದಾಗಲಿ ಕಾಯಿಸಿದ ಎಣ್ಣೆ ಬಿಡುವುದಾಗಲಿ ಸಲ್ಲದು.

6. ಮಕ್ಕಳ ಕೈಗೆ ಕೊಡುವ ಉಪಕರಣದಲ್ಲಿ ಧ್ವನಿಯ ಮಿತಿಯನ್ನು ಹಿರಿಯರೇ ಗೊತ್ತುಪಡಿಸಬೇಕು.

ಉಪಸಂಹಾರ

ಕಲ್ಪಿಸಿಕೊಂಡ ದೃಷ್ಟಾಂತದಲ್ಲಿ ತಂದೆ ಮಕ್ಕಳು ಒಡಗೂಡಿ ವೈದ್ಯರ ಬಳಿಗೆ ಹೋದರೆಂದು ತಿಳಿಯಬಹುದು. ತಂದೆಯ ಆಡಿಯೋಗ್ರಾಮಿನ ಗೆರೆಯು ಎರಡು ಸಾವಿರ ಹರ್ಟ್ಸಿನವರೆಗೆ ಹೆಚ್ಚು ಕಡಿಮೆ ನೇರವಾಗಿ ಸಾಗಿ, ಅಲ್ಲಿಂದ ಕಡಿದಾಗಿ ಕೆಳಗಿಳಿದಿರುತ್ತದೆ. ಅವರಿಗೆ ತಕ್ಕ ಶ್ರವಣಸಾಧನವನ್ನು ಸೂಚಿಸುತ್ತಾರೆ. ಅದನ್ನು ಧರಿಸಿ ಮನೆಗೆ ಬಂದವರು ಮೊದಲು ಕೇಳುವುದು ತಂಬೂರಿಯನ್ನಲ್ಲ. ಅಡುಗೆಮನೆಯ ಒಗ್ಗರಣೆಯ ಸದ್ದನ್ನು, ಮೊಮ್ಮಗಳು "ತಾತಾ" ಎಂದು ಕರೆಯುವುದನ್ನು. ಮಗನ ಗೆರೆಯಲ್ಲಿಯೂ ನಾಲ್ಕು ಸಾವಿರದ ಬಳಿ ಒಂದು ಸಣ್ಣ ಕುಳಿ ಕಂಡರೆ ಆಶ್ಚರ್ಯವಿಲ್ಲ. ಅದು ಇಪ್ಪತ್ತೆಂಟರ ಹರೆಯದಲ್ಲಿಯೇ ತಿಳಿದುಬಂದರೆ ಅವನ ಭಾಗ್ಯವೆನ್ನಬೇಕು. ಹೋದದ್ದು ಮರಳದಿದ್ದರೂ ಉಳಿದದ್ದನ್ನು ಕಾಪಾಡಿಕೊಳ್ಳಬಹುದು.

ನಾದವನ್ನು ಪ್ರೀತಿಸುವವರು ಹೆಡ್‌ಫೋನುಗಳನ್ನು ಕುರಿತು ಧಾರಾಳವಾಗಿ ಚರ್ಚಿಸಲಿ. ಅದರಿಂದ ರಸಜ್ಞತೆ ಬೆಳೆಯುತ್ತದೆ. ಆದರೆ ಹೆಡ್‌ಫೋನು ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ದೊರೆಯುತ್ತದೆ. ರೋಮಕೋಶಗಳನ್ನು ಮಾರುವ ಅಂಗಡಿ ಅಹಮದಾಬಾದಿನಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ಹೊಸ ಹೆಡ್‌ಫೋನಿಗೆ ಹಣ ತೆಗೆದಿರಿಸುವ ಪ್ರತಿಯೊಬ್ಬರೂ ಅದರ ಒಂದಂಶವನ್ನು ಶ್ರವಣಪರೀಕ್ಷೆಗೆಂದು ಮೀಸಲಿಡುವುದು ವಿವೇಕ.